ಉಪ್ಪುನೀರಿನ ಬಾಟ್ಲಿ: ಫೊರೆನ್ಸಿಕ್ ಲ್ಯಾಬಿನ ಅನುಭವದಿಂದ ಥ್ರಿಲ್ಲರ್ ಕಾದಂಬರಿ ಬರೆಯುವುದು ಹೇಗೆ?

ಲ್ಯಾಬಿನ ಕೌಂಟರ್ ತೆರೆಯುವ ಮುಂಚೆಯೇ ಬೆಂಚಿನ ಮೇಲೆ ಒಬ್ಬ ಕಾನ್‌ಸ್ಟೇಬಲ್ ಕೂತಿರುತ್ತಿದ್ದ. ರಾತ್ರಿ ಬಸ್ಸಿಗೆ ಬಂದವನು. ಎರಡು ಕಾಲಿನ ನಡುವೆ ಹಗ್ಗ ಸುತ್ತಿದ ರಟ್ಟಿನ ಡಬ್ಬ. ಒಮ್ಮೆ ಅಂಥವನೊಬ್ಬ ನಗುತ್ತಾ ಹೇಳಿದ: "ಬಸ್ಸಲ್ಲಿ ಪಕ್ಕದ ಅಜ್ಜಿ ಕೇಳಿದ್ರು ಸಾರ್, ಏನಪ್ಪಾ ಅದು, ಉಪ್ಪಿನಕಾಯಾ ಅಂತ. ಹೂಂ ಅಜ್ಜಿ ಅಂದೆ."

ಡಬ್ಬದಲ್ಲಿದ್ದದ್ದು ಸತ್ತವರೊಬ್ಬರ ವಿಸೆರಾ, ಅಂದರೆ ಪರೀಕ್ಷೆಗೆ ತೆಗೆದಿಟ್ಟ ಒಳ ಅಂಗಗಳು. ಒಂದು ಬಾಟ್ಲಿಯಲ್ಲಿ ಜಠರ, ಅದರೊಳಗಿದ್ದದ್ದು, ಸಣ್ಣ ಕರುಳಿನ ತುಂಡು. ಇನ್ನೊಂದರಲ್ಲಿ ಲಿವರ್ ಮತ್ತು ಕಿಡ್ನಿಯ ತುಂಡು. ಎರಡೂ ಕೆಡದ ಹಾಗೆ ಗಟ್ಟಿ ಉಪ್ಪುನೀರಿನಲ್ಲಿ ಮುಳುಗಿಸಿದ್ದು. ಮೂರನೆಯದರಲ್ಲಿ ರಕ್ತ. ನಾಲ್ಕನೆಯದರಲ್ಲಿ ಬರೀ ಉಪ್ಪುನೀರು.

ಆ ನಾಲ್ಕನೆಯ ಬಾಟ್ಲಿ ಏಕೆ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ನಾಳೆ ಕೋರ್ಟಿನಲ್ಲಿ ವಕೀಲರು "ವಿಷ ಹೊಟ್ಟೆಯಲ್ಲಿತ್ತೋ, ನೀವು ಹಾಕಿದ ಉಪ್ಪಿನಲ್ಲೇ ಇತ್ತೋ?" ಎಂದು ಕೇಳಿದರೆ ಉತ್ತರ ಬೇಕಲ್ಲ. ಅದಕ್ಕೆ ಅದೇ ಉಪ್ಪುನೀರನ್ನು ಬೇರೆಯಾಗಿ ಕಳಿಸುತ್ತಾರೆ. ಅದನ್ನೂ ಪರೀಕ್ಷೆ ಮಾಡುತ್ತೇವೆ. ಅದರಲ್ಲಿ ಏನೂ ಸಿಗಬಾರದು.

ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಇಂಥ ಬಾಟ್ಲಿಗಳ ಜೊತೆ ಕಳೆದ ಮೇಲೆ ನಾನು ಕಾದಂಬರಿ ಬರೆಯಲು ಕೂತೆ. ಮೊದಲನೆಯದು ಪೂರ್ತಿ ಕೆಟ್ಟುಹೋಯಿತು. ಅದರಲ್ಲಿ ಹೆಣ, ಕರುಳು, ರಕ್ತ ಎಲ್ಲಾ ಇತ್ತು, ಈ ನಾಲ್ಕನೆಯ ಬಾಟ್ಲಿ ಇರಲಿಲ್ಲ. ಲ್ಯಾಬ್, ಶವಾಗಾರ, ಬೆರಳಚ್ಚು ಘಟಕ, ಪೊಲೀಸ್ ಸ್ಟೇಷನ್, ಯಾವುದರಲ್ಲಾದರೂ ಕೆಲಸ ಮಾಡಿ ಈಗ ಥ್ರಿಲ್ಲರ್ ಬರೆಯಬೇಕು ಅನ್ನಿಸಿದವರಿಗೆ ಈ ಬರಹ. ಕೆಲಸ ಮಾಡದವರೂ ಓದಬಹುದು. ಅಮೆರಿಕದ ಥ್ರಿಲ್ಲರ್ ಲೇಖಕಿ ಪೆಟ್ರೀಷಿಯಾ ಕಾರ್ನ್‌ವೆಲ್ ವರ್ಜೀನಿಯಾದ ಮುಖ್ಯ ವೈದ್ಯಕೀಯ ಪರೀಕ್ಷಕರ ಕಚೇರಿಯಲ್ಲಿ ಮಾಡುತ್ತಿದ್ದದ್ದು ಬರವಣಿಗೆ ಮತ್ತು ಕಂಪ್ಯೂಟರ್ ಕೆಲಸ, ಡಾಕ್ಟರ್ ಆಗಿರಲಿಲ್ಲ. ಕ್ಯಾಥಿ ರೈಕ್ಸ್ ಮೂಳೆ ನೋಡಿ ಗುರುತು ಹೇಳುವ ಪಕ್ಕಾ ತಜ್ಞೆ. ಅವರ ಮೊದಲ ಕಾದಂಬರಿ ಬಂದದ್ದು 1997ರಲ್ಲಿ. ಇಬ್ಬರೂ ಗೆದ್ದರು. ಹಾಗಾಗಿ ಡಿಗ್ರಿ ಮುಖ್ಯ ಅಲ್ಲ, ಎಲ್ಲಿ ನಿಂತು ನೋಡಿದಿರಿ ಅನ್ನುವುದು ಮುಖ್ಯ.

1. ಕೇಸು ಬರೆಯಬೇಡಿ, ಕೈ ಬರೆಯಿರಿ

ಹೊಸ ನೋಟ್‌ಬುಕ್ ತೆಗೆದುಕೊಂಡ ತಕ್ಷಣ ಎಲ್ಲರೂ ತಾವು ನೋಡಿದ ದೊಡ್ಡ ಕೇಸನ್ನು ಬರೆಯಲು ಶುರು ಮಾಡುತ್ತಾರೆ. ಬೇಡ. ದೊಡ್ಡ ಕೇಸು ಪೇಪರಿನಲ್ಲಿ ಬಂದಿರುತ್ತದೆ, ಅದು ನಿಮ್ಮದಲ್ಲ.

ನಿಮ್ಮದು ಏನು ಗೊತ್ತಾ? ಅರಗು ಕರಗುವ ವಾಸನೆ. ಬಟ್ಟೆಯಲ್ಲಿ ಹೊಲಿದ ಪಾರ್ಸೆಲ್ ಮೇಲೆ ಅರಗು ಬಿದ್ದು, ಅದರ ಮೇಲೆ ಸ್ಟೇಷನ್ನಿನ ಹಿತ್ತಾಳೆ ಸೀಲು ಒತ್ತಿದ ಗುರುತು. ಆ ಗುರುತನ್ನು ಚೀಟಿಯ ಮೇಲಿನ ಮಾದರಿ ಸೀಲಿನ ಪಕ್ಕ ಹಿಡಿದು ಭೂತಗನ್ನಡಿಯಲ್ಲಿ ನೋಡುವುದು. ಸೀಲು ಒಡೆಯುವ ಮುಂಚೆ ಫೋಟೊ. ರಬ್ಬರ್ ಗ್ಲೌಸಿನೊಳಗೆ ಬೆವರಿದ ಬೆರಳು. ಮನೆಗೆ ಹೋದರೂ ಕೈಯಿಂದ ಹೋಗದ ವಾಸನೆ, ಅದಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜಿದ್ದು. ಕೀಟನಾಶಕ ಕುಡಿದವರ ಬಾಟ್ಲಿ ತೆರೆದಾಗ ಬರುವ ಬೆಳ್ಳುಳ್ಳಿಯಂಥ, ಸೀಮೆಎಣ್ಣೆಯಂಥ ವಾಸನೆ, ಆಮೇಲೆ ಮಧ್ಯಾಹ್ನ ಡಬ್ಬಿಯಲ್ಲಿ ಬೆಳ್ಳುಳ್ಳಿ ಚಟ್ನಿ ನೋಡಿ ಮುಚ್ಚಿಟ್ಟದ್ದು.

ಇಂಥವು ಐವತ್ತು ಬರೆಯಿರಿ. ಒಂದೊಂದಕ್ಕೆ ಎರಡೇ ಸಾಲು. ಯಾರ ಹೆಸರೂ ಬೇಡ, ಕೇಸಿನ ನಂಬರೂ ಬೇಡ. ಒಂದು ವಾರ ತೆಗೆದುಕೊಳ್ಳಿ. ಕಾದಂಬರಿಗೆ ಬರುವುದು ಇವುಗಳಲ್ಲಿ ಹತ್ತೋ ಹನ್ನೆರಡೋ. ಆದರೆ ಆ ಹನ್ನೆರಡನ್ನು ಇಂಟರ್‌ನೆಟ್ ನೋಡಿ ಬರೆಯುವವನಿಂದ ಕೊಡಲು ಆಗುವುದಿಲ್ಲ.

ಒಂದು ಮಾತು. ಸೈನೈಡ್ ಅಂದ ತಕ್ಷಣ ನಮ್ಮ ಕಾದಂಬರಿಗಳಲ್ಲಿ ಡಾಕ್ಟರು "ಕಹಿ ಬಾದಾಮಿಯ ವಾಸನೆ" ಅಂತ ಮೂಗು ಎಳೆಯುತ್ತಾರೆ. ಕಹಿ ಬಾದಾಮಿ ಮೂಸಿದ ಕನ್ನಡಿಗರು ಎಷ್ಟು ಜನ ಇದ್ದೀರಿ? ಅದೂ ಅಲ್ಲದೆ ಆ ವಾಸನೆ ಎಲ್ಲರ ಮೂಗಿಗೂ ಹತ್ತುವುದಿಲ್ಲ, ಅದು ಹುಟ್ಟಿನಿಂದಲೇ ಬರುವ ವ್ಯತ್ಯಾಸ. ನಿಮ್ಮ ಡಾಕ್ಟರಿಗೆ ಆ ವಾಸನೆ ಹತ್ತುವುದಿಲ್ಲ, ಪಕ್ಕದಲ್ಲಿ ನಿಂತ ಶವಾಗಾರದ ಸಹಾಯಕನಿಗೆ ಹತ್ತುತ್ತದೆ ಅಂತ ಇಟ್ಟುಕೊಳ್ಳಿ. ಅವನು ಹೇಳುತ್ತಾನಾ? ಹೇಳಿದರೆ ಡಾಕ್ಟರು ಕೇಳುತ್ತಾರಾ? ಇಲ್ಲಿಗೆ ಒಂದು ಅಧ್ಯಾಯ ಬಂತು.

2. ಒಂದೇ ಪರೀಕ್ಷೆ ಆರಿಸಿ, ಅದರೊಳಗಿನ ಅನುಮಾನ ಹುಡುಕಿ

ಗೊತ್ತಿದ್ದದ್ದನ್ನೆಲ್ಲಾ ಒಂದೇ ಪುಸ್ತಕಕ್ಕೆ ತುರುಕುವುದು ನಮ್ಮಂಥವರ ದೊಡ್ಡ ರೋಗ. ನನ್ನ ಮೊದಲ ಹಸ್ತಪ್ರತಿಯಲ್ಲಿ ಡಿಎನ್‌ಎ, ಬೆರಳಚ್ಚು, ಗುಂಡಿನ ಗುರುತು, ಮಣ್ಣು, ಹಸ್ತಾಕ್ಷರ ಎಲ್ಲವೂ ಇತ್ತು. ಗ್ಯಾಸ್ ಕ್ರೊಮೆಟೋಗ್ರಫಿ, ಅಂದರೆ ಮಾದರಿಯಲ್ಲಿರುವ ರಾಸಾಯನಿಕಗಳನ್ನು ಮಿಷನ್ನಿನಲ್ಲಿ ಬೇರ್ಪಡಿಸುವ ವಿಧಾನ, ಅದರ ಬಗ್ಗೆಯೇ ಹದಿನಾಲ್ಕು ಪುಟ. ನನ್ನ ಅಕ್ಕನಿಗೆ ಓದಲು ಕೊಟ್ಟಿದ್ದೆ. ಮೂರು ದಿನ ಬಿಟ್ಟು ಫೋನ್ ಮಾಡಿದಳು: "ಲೋ, ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಯ್ತು ಕಣೋ. ಆ ಮಿಷನ್ನು ತಾನೇ? ನನ್ನನ್ನಂತೂ ಕೊಂದುಹಾಕ್ತು."

ಒಂದೇ ಪರೀಕ್ಷೆ ಸಾಕು. ಅದು ಎಲ್ಲಿ ಸೋಲುತ್ತದೆ ಅಂತ ನಿಮಗೆ ಚೆನ್ನಾಗಿ ಗೊತ್ತಿರಬೇಕು. ಒಂದನ್ನು ತೆಗೆದುಕೊಂಡು ನೋಡೋಣ.

ಮಲೆನಾಡಿನ ಒಂದು ಅಡಿಕೆ ತೋಟ. ತೋಟದ ಬಾವಿಯಲ್ಲಿ ಒಬ್ಬಳ ಹೆಣ ತೇಲಿದೆ. ಕಾಲು ಜಾರಿ ಬಿದ್ದಳೋ, ತಾನೇ ಹಾರಿದಳೋ, ಸಾಯಿಸಿ ಎಸೆದರೋ? ಇಲ್ಲಿ ಕೆಲಸಕ್ಕೆ ಬರುವುದು ಡಯಾಟಮ್ ಪರೀಕ್ಷೆ. ಡಯಾಟಮ್ ಅಂದರೆ ಕೆರೆ, ಬಾವಿ, ಹೊಳೆಯ ನೀರಿನಲ್ಲಿರುವ ಕಣ್ಣಿಗೆ ಕಾಣದ ಪಾಚಿ, ಒಂದೇ ಕೋಶದ್ದು. ಅದರ ಹೊರಗಿನ ಚಿಪ್ಪು ಸಿಲಿಕಾದ್ದು, ಅಂದರೆ ಗಾಜಿನಂಥದ್ದು. ಜೀವಂತ ಇರುವವರು ಮುಳುಗಿದರೆ ನೀರು ಶ್ವಾಸಕೋಶಕ್ಕೆ ನುಗ್ಗುತ್ತದೆ. ಹೃದಯ ಇನ್ನೂ ಬಡಿಯುತ್ತಿರುವುದರಿಂದ ಈ ಚಿಪ್ಪುಗಳು ರಕ್ತದ ಜೊತೆ ಹೋಗಿ ಮೂಳೆಯ ಮಜ್ಜೆಯವರೆಗೂ ತಲುಪುತ್ತವೆ. ಸತ್ತ ಮೇಲೆ ಎಸೆದಿದ್ದರೆ ನೀರು ಶ್ವಾಸಕೋಶಕ್ಕೆ ಸೇರಬಹುದು, ಮಜ್ಜೆಗೆ ಹೋಗುವುದಿಲ್ಲ, ತಳ್ಳುವ ಹೃದಯ ನಿಂತಿದೆಯಲ್ಲ. ಲ್ಯಾಬಿನಲ್ಲಿ ಮಜ್ಜೆಯನ್ನು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸುತ್ತಾರೆ. ಮಾಂಸ, ಕೊಬ್ಬು ಎಲ್ಲಾ ಕರಗಿ ಹೋಗುತ್ತದೆ. ಗಾಜಿನ ಚಿಪ್ಪು ಮಾತ್ರ ಉಳಿಯುತ್ತದೆ. ಮೈಕ್ರೋಸ್ಕೋಪಿನಲ್ಲಿ ಅದು ಚೆಂದವೂ ಕಾಣುತ್ತದೆ, ದೋಣಿಯ ಹಾಗೆ, ರಂಗೋಲಿಯ ಹಾಗೆ.

ಇಷ್ಟು ವಿಜ್ಞಾನ. ಇನ್ನು ಅನುಮಾನ. ಮಜ್ಜೆಯಲ್ಲಿ ಸಿಕ್ಕ ಡಯಾಟಮ್ ಅದೇ ಬಾವಿಯದು ಅನ್ನಬೇಕಾದರೆ ಆ ಬಾವಿಯ ನೀರೂ ಬೇಕು. ಅದನ್ನು ತುಂಬಿ ಕಳಿಸಬೇಕಾದವರು ಪೊಲೀಸರು. ಮರೆತರೆ? ಹೆಣ ಎತ್ತಿದ ಮೇಲೆ ಊರವರು ಮೈಲಿಗೆ ಅಂತ ಪಂಪು ಹಚ್ಚಿ ಬಾವಿಯನ್ನೇ ಖಾಲಿ ಮಾಡಿಸಿಬಿಟ್ಟಿದ್ದರೆ? ಖಾಲಿ ಮಾಡಿಸಲು ಅವಸರ ಮಾಡಿದವರು ಯಾರು? ಮಜ್ಜೆಯ ಡಯಾಟಮ್ ಬಾವಿಯದಲ್ಲ, ಹೊಳೆಯದು ಅಂತ ಬಂದರೆ? ಏನೂ ಸಿಗದಿದ್ದರೆ ಆಗಲೇ ಸತ್ತಿದ್ದಳು ಅಂತ ಹೇಳಬಹುದಾ? ಆಗುವುದಿಲ್ಲ. ಕೆಲವು ಬಾವಿಗಳಲ್ಲಿ ಡಯಾಟಮ್ ತೀರಾ ಕಡಿಮೆ ಇರುತ್ತದೆ. ನೀರಿನಲ್ಲಿ ಮುಳುಗಿಯೇ ಸತ್ತರೂ ಸಿಗದೆ ಹೋಗಬಹುದು.

ನೋಡಿ, ಐದು ಪ್ರಶ್ನೆಗೆ ಅರ್ಧ ಕಾದಂಬರಿ ತಯಾರಾಗಿದೆ. ಎಲ್ಲವೂ ಹುಟ್ಟಿದ್ದು ಪರೀಕ್ಷೆಯ ಸೋಲಿನಿಂದ. ನನ್ನ ಉಪ್ಪುನೀರಿನ ಬಾಟ್ಲಿಯ ಹಾಗೆ ಇಲ್ಲಿ ಬಾವಿ ನೀರಿನ ಬಾಟ್ಲಿ. ನಿಮ್ಮ ಕ್ಷೇತ್ರದಲ್ಲೂ ಇಂಥ ಒಂದು ಬಾಟ್ಲಿ ಇದ್ದೇ ಇರುತ್ತದೆ. ಅದು ಸಿಗುವವರೆಗೆ ಮೊದಲ ಅಧ್ಯಾಯ ಬರೆಯಬೇಡಿ.

3. ಯಾರ ಕೆಲಸ ಯಾರದು: ಒಂದು ಹಾಳೆಯ ನಕ್ಷೆ

ಹೊರದೇಶದ ಸೀರಿಯಲ್ ನೋಡಿ ಬರೆದ ಕಾದಂಬರಿಯಲ್ಲಿ ಒಬ್ಬಳೇ ಹುಡುಗಿ ಹೆಣ ಕೊಯ್ಯುತ್ತಾಳೆ, ಬೆರಳಚ್ಚು ತೆಗೆಯುತ್ತಾಳೆ, ಆರೋಪಿಗೆ ಕಪಾಳಕ್ಕೆ ಹೊಡೆಯುತ್ತಾಳೆ. ನಮ್ಮಲ್ಲಿ ಇವೆಲ್ಲಾ ಬೇರೆ ಬೇರೆ ಜನ, ಬೇರೆ ಬೇರೆ ಬಿಲ್ಡಿಂಗು. ಒಬ್ಬರಿಗೊಬ್ಬರು ಮುಖ ನೋಡಿರುವುದೂ ಅನುಮಾನ. ಅದೇ ನಮ್ಮ ಕಥೆಗೆ ಲಾಭ.

ಬಾವಿಯ ಕೇಸನ್ನೇ ಹಿಡಿಯೋಣ. ಸುದ್ದಿ ಬಂದಾಗ ಸ್ಟೇಷನ್ನಿನಲ್ಲಿ ಮೊದಲು ಹಾಕುವುದು ಯುಡಿಆರ್, ಅಂದರೆ ಅಸ್ವಾಭಾವಿಕ ಮರಣ ಅಂತ ದಾಖಲೆ. ಕೊಲೆ ಕೇಸಲ್ಲ. ಪಿಎಸ್‌ಐ ಬರುತ್ತಾರೆ, ಪಂಚರನ್ನು ಕರೆದು ಸ್ಥಳ ಮಹಜರು, ಶವ ಮಹಜರು ಬರೆಸುತ್ತಾರೆ. ಮದುವೆಯಾಗಿ 7 ವರ್ಷದೊಳಗಿನ ಹೆಣ್ಣುಮಗಳಾದರೆ ಶವ ಮಹಜರಿಗೆ ತಹಶೀಲ್ದಾರರು ಬರುತ್ತಾರೆ. ಪೋಸ್ಟ್‌ಮಾರ್ಟಂ ಮಾಡುವುದು ಸರ್ಕಾರಿ ಆಸ್ಪತ್ರೆಯ ಡಾಕ್ಟರು, ಕತ್ತರಿಸುವ ಕೆಲಸದಲ್ಲಿ ಬಹಳಷ್ಟು ಶವಾಗಾರದ ಸಹಾಯಕನದು. ಕಾರಣ ಗೊತ್ತಾಗದಿದ್ದರೆ ಡಾಕ್ಟರು ವಿಸೆರಾ ತೆಗೆದಿಟ್ಟು, ಕೆಮಿಕಲ್ ರಿಪೋರ್ಟ್ ಬರುವವರೆಗೆ ಅಭಿಪ್ರಾಯ ಕಾಯ್ದಿರಿಸಿದೆ ಅಂತ ಬರೆಯುತ್ತಾರೆ. ವಶಪಡಿಸಿಕೊಂಡ ವಸ್ತು, ನಮ್ಮ ಪೊಲೀಸರ ಬಾಯಲ್ಲಿ ಮುದ್ದೆಮಾಲು, ಪಿ.ಎಫ್. ನಂಬರ್, ಅಂದರೆ ಸ್ಟೇಷನ್ನಿನ ವಸ್ತುಪಟ್ಟಿಯ ನಂಬರ್ ಹಾಕಿಸಿಕೊಂಡು ಸ್ಟೇಷನ್ನಿನಲ್ಲಿ ಕೂರುತ್ತದೆ. ಆಮೇಲೆ ಅದು ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯದ ಫೊರೆನ್ಸಿಕ್ ಲ್ಯಾಬಿಗೋ (ಎಫ್‌ಎಸ್‌ಎಲ್) ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಯಂಥ ಕಡೆ ಇರುವ ಪ್ರಾದೇಶಿಕ ಲ್ಯಾಬಿಗೋ ಹೋಗುತ್ತದೆ. ಬೆರಳಚ್ಚು ಘಟಕ ಪೊಲೀಸರದೇ ಬೇರೆ ವಿಭಾಗ.

ಲ್ಯಾಬಿನಿಂದ ರಿಪೋರ್ಟ್ ಬಂದ ದಿನ ಯುಡಿಆರ್ ಕೊಲೆ ಕೇಸಾಗಿ ಬದಲಾಗುತ್ತದಲ್ಲ, ಅದು ನಿಮ್ಮ ಕಾದಂಬರಿಯ ನಡುಗಂಬ. ಅಷ್ಟರಲ್ಲಿ ಹೆಣ ಸುಟ್ಟು ತಿಂಗಳುಗಳೇ ಆಗಿರುತ್ತವೆ, ತಿಥಿ ಊಟ ಮುಗಿದಿರುತ್ತದೆ, ಪಿಎಸ್‌ಐಗೆ ವರ್ಗ ಆಗಿರುತ್ತದೆ. ಹೊಸದಾಗಿ ಬಂದವರಿಗೆ ಸಿಗುವುದು ಒಂದು ಫೈಲು ಮತ್ತು ಸ್ಟೇಷನ್ ರೈಟರಿನ ನೆನಪು.

ಕಥೆ 2024ರ ಜುಲೈ 1ರ ನಂತರದ್ದಾದರೆ ಹೊಸ ಕಾನೂನು ನೆನಪಿರಲಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ ಪ್ರಕಾರ 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಬೇಕು. ಇದನ್ನು ಪೂರ್ತಿ ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷದವರೆಗೆ ಸಮಯ ಕೊಟ್ಟಿದ್ದಾರೆ. ಶೋಧ ಮಾಡುವಾಗ, ವಸ್ತು ವಶಪಡಿಸಿಕೊಳ್ಳುವಾಗ ವಿಡಿಯೊ ಮಾಡಬೇಕು, ಅದು 105ನೇ ಕಲಂ. ಆ ಮೊಬೈಲ್ ವಿಡಿಯೊದಲ್ಲಿ ಹಿಂದೆ ಯಾರೋ ಪಂಪಿನ ಸ್ವಿಚ್ ಹಾಕುತ್ತಿರುವುದು ಕಂಡರೆ? ಹೊಸ ಕಾನೂನು ಪೊಲೀಸರಿಗೆ ಎಷ್ಟು ಕೆಲಸ ಕೊಟ್ಟಿದೆಯೋ ಕಾದಂಬರಿಕಾರರಿಗೆ ಅಷ್ಟೇ ಅನುಕೂಲ ಮಾಡಿದೆ.

ಈ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ವಸ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಕಡೆಯಲ್ಲೆಲ್ಲಾ ಕೆಂಪು ಚುಕ್ಕೆ ಇಡಿ. ತಪ್ಪು, ಲಂಚ, ಕರುಣೆ, ಮರೆವು ಎಲ್ಲವೂ ಈ ಚುಕ್ಕೆಗಳಲ್ಲೇ ನಡೆಯುತ್ತವೆ.

4. ರಿಪೋರ್ಟಿನ ಭಾಷೆ ಮತ್ತು ಜನರ ಭಾಷೆ

ನನ್ನ ಪ್ರಕಾರ ಫೊರೆನ್ಸಿಕ್ ಹಿನ್ನೆಲೆಯ ಲೇಖಕನಿಗೆ ಇರುವ ದೊಡ್ಡ ಬಂಡವಾಳ ಇದೇ. ಇಲ್ಲಿ ಸ್ವಲ್ಪ ನಿಧಾನಿಸಿ.

ನಾವು "ವಿಷ ಪತ್ತೆಯಾಗಿಲ್ಲ" ಎಂದು ಬರೆಯುತ್ತೇವೆ. ಊರವರು "ವಿಷ ಇರಲಿಲ್ಲವಂತೆ" ಎಂದು ಓದುತ್ತಾರೆ. ಎರಡೂ ಒಂದೇ ಅಲ್ಲ. ನಾವು ಹುಡುಕಿದ ವಿಷಗಳು, ನಾವು ಬಳಸಿದ ವಿಧಾನದಲ್ಲಿ, ಕಳಿಸಿದ ಮಾದರಿಯಲ್ಲಿ ಸಿಗಲಿಲ್ಲ ಅಂತ ಅಷ್ಟೇ ಅದರ ಅರ್ಥ. ಮಾದರಿ ಕೊಳೆತಿರಬಹುದು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಸತ್ತಿದ್ದರೆ ವಿಷ ಆಗಲೇ ಮೈಯಿಂದ ಹೊರಗೆ ಹೋಗಿರಬಹುದು. "ಪತ್ತೆಯಾಗಿಲ್ಲ" ಅನ್ನುವ ಒಂದು ಪದ ಹಿಡಿದುಕೊಂಡು ಒಬ್ಬ ಅಪ್ಪ ಲ್ಯಾಬಿನ ಗೇಟಿಗೆ ಬಂದು ನಿಂತರೆ ಒಳಗೆ ಕೆಲಸ ಮಾಡುವ ನಿಮ್ಮ ನಾಯಕಿ ಏನು ಹೇಳುತ್ತಾಳೆ? ಅವಳಿಗೆ ಆತನ ಜೊತೆ ಮಾತನಾಡುವ ಅಧಿಕಾರವೇ ಇಲ್ಲ.

ರಕ್ತದ್ದೂ ಹಾಗೇ. ಪಂಚೆಯ ಮೇಲೆ ಕಂದು ಕಲೆ. ರಕ್ತವೋ, ತುಕ್ಕೋ, ಎಲೆಅಡಿಕೆ ಉಗುಳೋ, ಅಡಿಕೆ ಬೇಯಿಸಿದ ಚೊಗರೋ? ಒಂದು ವಾರ ಕಳೆದರೆ ಕಣ್ಣಿಗೆ ಎಲ್ಲವೂ ಒಂದೇ. ಅಡಿಕೆ ಸುಗ್ಗಿಯಲ್ಲಿ ತೋಟದ ಮನೆಯ ಯಾವ ಬಟ್ಟೆ ಹಿಡಿದರೂ ಕೊಲೆಗಾರನದೇ ಅನ್ನಿಸುತ್ತದೆ.

ಮೊದಲ ಪರೀಕ್ಷೆ ಹೀಗೆ ನಡೆಯುತ್ತದೆ. ಫಿಲ್ಟರ್ ಪೇಪರ್ ಮಡಚಿ ಕಲೆಯ ಮೇಲೆ ಮೆಲ್ಲಗೆ ಉಜ್ಜುತ್ತೇವೆ. ಒಂದು ಹನಿ ಸ್ಪಿರಿಟ್. ಆಮೇಲೆ ಫೀನಾಲ್ಫ್ತಲೀನ್ ದ್ರಾವಣದ ಹನಿ. ಇಲ್ಲಿ ಕಾಯಬೇಕು. ಈಗಲೇ ಬಣ್ಣ ಬಂದರೆ ಅದು ರಕ್ತದ್ದಲ್ಲ, ಬೇರೆ ಯಾವುದೋ ರಾಸಾಯನಿಕ ತಂದದ್ದು. ಬಣ್ಣ ಬರದಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಹನಿ. ಕೆಲವೇ ಸೆಕೆಂಡಿನಲ್ಲಿ ಗುಲಾಬಿ. ದಾಸವಾಳದ ಗುಲಾಬಿ ಅಲ್ಲ, ಹಬ್ಬದ ಅಂಗಡಿಯ ಸಕ್ಕರೆ ಮಿಠಾಯಿಯ ಗುಲಾಬಿ. ಹಾಗೇ ಬಿಟ್ಟು ಟೀ ಕುಡಿದು ಬಂದರೆ ರಕ್ತ ಇಲ್ಲದ ಪೇಪರೂ ಗುಲಾಬಿ ಆಗಿಬಿಡಬಹುದು, ಗಾಳಿಗೇ. ಅಷ್ಟು ಸೂಕ್ಷ್ಮ. ಇಷ್ಟೆಲ್ಲಾ ಆದ ಮೇಲೂ ಹೇಳಬಹುದಾದದ್ದು "ರಕ್ತ ಇರಬಹುದು" ಅಂತ ಮಾತ್ರ. ಮೂಲಂಗಿ, ಆಲೂಗಡ್ಡೆಯ ರಸವೂ ಕೆಲವೊಮ್ಮೆ ಮೋಸ ಮಾಡುತ್ತದೆ. ರಕ್ತವೇ ಅಂತ ಗಟ್ಟಿ ಮಾಡಲು ಬೇರೆ ಪರೀಕ್ಷೆ, ಮನುಷ್ಯರದೇ ಅನ್ನಲು ಇನ್ನೊಂದು, ಯಾರದು ಅನ್ನಲು ಡಿಎನ್‌ಎ.

ಕಥೆಯಲ್ಲಿ ರಕ್ತ ಹುಡುಕಲು ಸಿಂಪಡಿಸುವ ನೀಲಿ ಬೆಳಕಿನ ಲೂಮಿನಾಲ್ ಬೇಕೇ ಬೇಕು ಅನ್ನುವವರು ಒಂದು ನೆನಪಿಡಿ: ಬ್ಲೀಚಿಂಗ್ ಪೌಡರ್ ಹಾಕಿ ತೊಳೆದ ಬಚ್ಚಲೂ ಹೊಳೆಯುತ್ತದೆ. ಮನೆ ಶುಭ್ರವಾಗಿಡುವ ಗೃಹಿಣಿಯೊಬ್ಬಳು ಸುಮ್ನೆ ಸಿಕ್ಕಿಹಾಕಿಕೊಳ್ಳಬಹುದು.

ಡಿಎನ್‌ಎ ಬಗ್ಗೆ ಒಂದು ಸಂಗತಿ ನನಗೆ ಯಾವಾಗಲೂ ಇಷ್ಟ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ 1984ರಲ್ಲಿ ಈ ವಿಧಾನ ಕಂಡುಹಿಡಿದರು. ಎರಡು ವರ್ಷದ ನಂತರ ಎರಡು ಕೊಲೆಗಳ ತನಿಖೆಯಲ್ಲಿ ಪೊಲೀಸರು ಇದನ್ನು ಕೇಳಿಕೊಂಡು ಬಂದಾಗ ಅದು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಕೊಲೆಗಾರನನ್ನು ಹಿಡಿಯಲಿಲ್ಲ. ತಪ್ಪೊಪ್ಪಿಕೊಂಡಿದ್ದ ಒಬ್ಬ ಹುಡುಗನನ್ನು ಬಿಡಿಸಿತು, ಇವನಲ್ಲ ಅಂತ. ಥ್ರಿಲ್ಲರಿನ ಮಧ್ಯಭಾಗ ಹೇಗಿರಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ. ಓದುಗ ನಂಬಿಕೊಂಡು ಬಂದ ಆರೋಪಿಯನ್ನು ವಿಜ್ಞಾನ ಬಿಡಿಸಿಬಿಡಬೇಕು. ಆಗ ಕೈಯಲ್ಲಿ ಏನೂ ಉಳಿಯಬಾರದು.

5. ಎರಡು ಗಡಿಯಾರ

ಸತ್ತ ಸಮಯವನ್ನು ರಾತ್ರಿ 10ರಿಂದ 10.30ರ ಒಳಗೆ ಅಂತ ಹೇಳುವ ಡಾಕ್ಟರು ಕಾದಂಬರಿಯಲ್ಲಿ ಮಾತ್ರ ಇರುತ್ತಾರೆ. ಮೈ ತಣ್ಣಗಾಗುವುದು, ಸೆಟೆದುಕೊಳ್ಳುವುದು, ರಕ್ತ ಕೆಳಗಿಳಿದು ಕಲೆಯಾಗುವುದು, ಎಲ್ಲವೂ ಹವೆಯ ಮೇಲೆ ನಿಂತಿವೆ. ಚಳಿ ದೇಶದ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಮೇ ತಿಂಗಳ ಕಲಬುರಗಿಯಲ್ಲಿ ಹೊರಗೆ 42 ಡಿಗ್ರಿ ಇರುವಾಗ 37 ಡಿಗ್ರಿಯ ಮೈ ತಣ್ಣಗಾಗುವುದಾದರೂ ಹೇಗೆ? ಮಧ್ಯಾಹ್ನ ಹೆಣ ಮುಟ್ಟಿ "ಇನ್ನೂ ಬೆಚ್ಚಗಿದೆ, ಈಗಷ್ಟೇ ಸತ್ತಿದ್ದಾನೆ" ಎಂದ ಪಿಎಸ್‌ಐ ಇಡೀ ತನಿಖೆಯನ್ನು ತಪ್ಪು ದಾರಿಗೆ ಹಚ್ಚಬಹುದು. ನಮ್ಮ ಸೆಕೆಯಲ್ಲಿ ಸೆಟೆತ ಒಂದೆರಡು ಗಂಟೆಯಲ್ಲೇ ಶುರುವಾಗುತ್ತದೆ, ಬೇಗ ಬಿಟ್ಟೂ ಹೋಗುತ್ತದೆ. ಅದೇ ಆಗುಂಬೆಯ ಮಳೆಯಲ್ಲಾದರೆ ರಕ್ತವೂ ಇಲ್ಲ, ಹೆಜ್ಜೆ ಗುರುತೂ ಇಲ್ಲ, ಉಂಬಳ ಮಾತ್ರ.

ಇನ್ನೊಂದು ಗಡಿಯಾರ ಲ್ಯಾಬಿನದು. ಡಿಎನ್‌ಎ ಫಲಿತಾಂಶ ಸಂಜೆಗೆ ಬರುವುದಿಲ್ಲ. ಕೇಸುಗಳು ಸಾಲಾಗಿ ಕಾಯುತ್ತಿರುತ್ತವೆ, ತಿಂಗಳುಗಟ್ಟಲೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಇದನ್ನು ಮುಚ್ಚಿಡಬೇಡಿ, ಬಳಸಿಕೊಳ್ಳಿ. ಸಾಲು ತಪ್ಪಿಸಿ ಒಂದು ಪಾರ್ಸೆಲ್ ಮುಂದಕ್ಕೆ ಹಾಕಿ ಅಂತ ಮೇಲಿನಿಂದ ಫೋನ್ ಬಂದರೆ? ಹಾಗೆ ಹಾಕಿದರೆ ಹಿಂದೆ ಸರಿಯುವುದು ಯಾರ ಪಾರ್ಸೆಲ್?

6. ವಿವರಣೆಯನ್ನು ಜಗಳಕ್ಕೆ ಹಾಕಿ

ಪಾತ್ರಗಳು ಪಾಠ ಮಾಡಬಾರದು. ನನ್ನ ಎರಡನೆಯ ಕಾದಂಬರಿಯ ಮೊದಲ ಕರಡಿನ ಒಂದು ಸಾಲು ನಾಚಿಕೆ ಬಿಟ್ಟು ತೋರಿಸುತ್ತೇನೆ: "ವಿಸೆರಾ ಮಾದರಿಗಳ ಜೊತೆ ಸಂರಕ್ಷಕ ದ್ರಾವಣದ ನಿಯಂತ್ರಣ ಮಾದರಿಯನ್ನು ಕಳಿಸುವುದು ಕಡ್ಡಾಯ ಎಂದು ನಿಮಗೆ ಗೊತ್ತಿದೆಯಷ್ಟೆ, ಎಂದಳು ಡಾ. ಸುಮನಾ." ಗೊತ್ತಿದೆ ಎಂದ ಮೇಲೆ ಹೇಳುವುದೇಕೆ?

ಅದನ್ನೇ ಮತ್ತೆ ಬರೆದದ್ದು ಹೀಗೆ:

"ಮೂರೇ ಬಾಟ್ಲಿ ಇದೆಯಲ್ಲಪ್ಪ."

"ಡಾಕ್ಟ್ರು ಕೊಟ್ಟಿದ್ದೇ ಮೂರು ಮೇಡಂ."

"ಚೀಟಿ ಮೇಲೆ ನಾಲ್ಕು ಅಂತಿದೆ."

ಕಾನ್‌ಸ್ಟೇಬಲ್ ಚೀಟಿಯನ್ನು ತಿರುಗಿಸಿ ಹಿಂದೆಯೂ ನೋಡಿದ. "ಒಂದರಲ್ಲಿ ಬರೀ ನೀರಿತ್ತು ಮೇಡಂ. ಬಸ್ಸಲ್ಲಿ ಸೋರಕ್ಕೆ ಶುರುವಾಯ್ತು. ನೀರು ತಾನೇ ಅಂತ..."

"ಅಂತ?"

"ಅರಸೀಕೆರೆ ಸ್ಟ್ಯಾಂಡಲ್ಲಿ ಚೆಲ್ಲಿಬಿಟ್ಟೆ."

ಅವಳು ಪೆನ್ನು ಕೆಳಗಿಟ್ಟಳು. "ಏನು ಚೆಲ್ಲಿದೆ ಗೊತ್ತಾ ನಿಂಗೆ? ಮೂರು ವರ್ಷ ಬಿಟ್ಟು ಕೋರ್ಟಲ್ಲಿ ನನಗೆ ಕೇಳೋ ಮೊದಲನೇ ಪ್ರಶ್ನೆಗೆ ಉತ್ತರ."

ಓದುಗನಿಗೆ ನಿಯಂತ್ರಣ ಮಾದರಿ ಅನ್ನುವ ಪದವೇ ಬೇಕಾಗಲಿಲ್ಲ. ಅದು ಬೇಕಾದದ್ದು ಅಂತ ಮಾತ್ರ ಗೊತ್ತಾಯಿತು. ಪೂರ್ತಿ ಅರ್ಥ ಆಮೇಲೆ, ಕೋರ್ಟಿನಲ್ಲಿ ಆಗಲಿ. ಒಬ್ಬರಿಗೆ ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ, ಗೊತ್ತಿಲ್ಲದವರಿಂದ ಏನೋ ಆಗಿಹೋಗಿದೆ: ವಿವರಣೆ ಇಂಥ ಕಡೆ ಮಾತ್ರ ಬರಲಿ. ಇಬ್ಬರು ತಜ್ಞರು ಎದುರುಬದುರು ಕೂತಿದ್ದರೆ ವಿಜ್ಞಾನ ಮಾತನಾಡಿಸಬೇಡಿ. ನಿಜವಾದ ತಜ್ಞರು ಟೀ ಕುಡಿಯುವಾಗ ಬಡ್ತಿ, ತುಟ್ಟಿಭತ್ಯೆ, ಮಗಳ ಸಿಇಟಿ ರ‍್ಯಾಂಕ್ ಬಗ್ಗೆ ಮಾತನಾಡುತ್ತಾರೆ.

7. ಕೋರ್ಟಿನ ಅಧ್ಯಾಯ ಬಿಡಬೇಡಿ

ಆರೋಪಿಯನ್ನು ಹಿಡಿದಲ್ಲಿಗೆ ಪುಸ್ತಕ ಮುಗಿಸುವವರೇ ಹೆಚ್ಚು. ಲ್ಯಾಬಿನವರಿಗೆ ನಿಜವಾದ ಭಯ ಅಲ್ಲಿಂದ ಶುರು. ಸರ್ಕಾರಿ ಲ್ಯಾಬಿನ ರಿಪೋರ್ಟನ್ನು ತಜ್ಞರನ್ನು ಕರೆಸದೆಯೂ ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು, ಹೊಸ ಸಂಹಿತೆಯಲ್ಲಿ ಅದು 329ನೇ ಕಲಂ. ಆದರೆ ಕೋರ್ಟು ಬೇಕೆಂದರೆ ಕರೆಸಬಹುದು. ಸಮನ್ಸ್ ಬರುವಷ್ಟರಲ್ಲಿ ನೀವು ಅಂಥ ನೂರಾರು ಪಾರ್ಸೆಲ್ ನೋಡಿರುತ್ತೀರಿ. ನೆನಪು ಏನೂ ಇರುವುದಿಲ್ಲ. ಅಂದು ಬರೆದಿಟ್ಟ ವರ್ಕ್‌ಶೀಟ್ ಒಂದೇ ಗತಿ.

ಕಟಕಟೆಯಲ್ಲಿ ವಕೀಲರು ವಿಜ್ಞಾನ ಕೇಳುವುದು ಕಡಿಮೆ. ಸೀಲು ಕೇಳುತ್ತಾರೆ. ಪಾರ್ಸೆಲ್ ಸ್ಟೇಷನ್ನಿನಲ್ಲಿ ಎಷ್ಟು ದಿನ ಇತ್ತು, ಯಾರ ಬೀರುವಿನಲ್ಲಿ ಇತ್ತು, ಆ ಬೀರುವಿನ ಕೀ ಯಾರ ಹತ್ತಿರ ಇತ್ತು. ನಿಮ್ಮ ಗೋಡೆಯ ಮೇಲಿನ ಕೆಂಪು ಚುಕ್ಕೆಗಳು ಇಲ್ಲಿ ಒಂದೊಂದಾಗಿ ವಾಪಸ್ ಬರುತ್ತವೆ. ಆಗ ಅರಸೀಕೆರೆ ಬಸ್ ಸ್ಟ್ಯಾಂಡ್ ಇದ್ದಕ್ಕಿದ್ದ ಹಾಗೆ ದೊಡ್ಡದಾಗುತ್ತದೆ.

ಇನ್ನು ನಾರ್ಕೋ ಪರೀಕ್ಷೆ. ಆರೋಪಿಗೆ ಇಂಜೆಕ್ಷನ್ ಕೊಟ್ಟು ಸತ್ಯ ಹೇಳಿಸುವ ಸೀನು ದಯವಿಟ್ಟು ಬೇಡ. 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆ ಇಲ್ಲದೆ ಇದನ್ನು ಮಾಡುವಂತಿಲ್ಲ ಎಂದಿದೆ. ನಮ್ಮ ರಾಜ್ಯದ ಹೆಸರೇ ಇರುವ ತೀರ್ಪು, ಕನ್ನಡ ಲೇಖಕರೇ ಮರೆತರೆ ಹೇಗೆ?

8. ಸತ್ತವರಿಗೂ ಮನೆಯವರಿದ್ದಾರೆ

ಇದನ್ನು ಕಡೆಗೆ ಇಟ್ಟಿದ್ದೇನೆ, ಆದರೆ ನೀವು ಮೊದಲೇ ಮಾಡಬೇಕು. ಇನ್ನೂ ನೌಕರಿಯಲ್ಲಿದ್ದರೆ ಸರ್ಕಾರಿ ನೌಕರರ ನಡತೆ ನಿಯಮ ಓದಿ, ಇಲಾಖೆಯಲ್ಲಿ ಬರಹದಲ್ಲಿ ಕೇಳಿ. ಕೇಸಿನ ಕಾಗದ, ಫೋಟೊ ಯಾವುದನ್ನೂ ಮನೆಗೆ ತರಬೇಡಿ, ನಿವೃತ್ತಿಯಾದ ಮೇಲೂ ಅದು ನಿಮ್ಮದಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಅದಕ್ಕೇ ಇದೆ. ಮಕ್ಕಳಾದರೆ ಪೋಕ್ಸೊ ಕಾಯ್ದೆಯೂ ತಡೆಯುತ್ತದೆ.

ಹೆಸರು ಬದಲಾಯಿಸಿದರೆ ಸಾಕು ಅಂದುಕೊಳ್ಳಬೇಡಿ. ಊರು, ವರ್ಷ, ಸಂಬಂಧ, ಸತ್ತ ರೀತಿ, ಇವುಗಳಲ್ಲಿ ಕಡೇಪಕ್ಷ ಮೂರು ಬದಲಾಗಬೇಕು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇನೆ. ಒಂದು ಕೇಸಿನ ಬಾವಿ, ಇನ್ನೊಂದರ ಅತ್ತೆ, ಮತ್ತೊಂದರ ಮಳೆ. ಬರೆದ ಮೇಲೆ ಕೇಳಿಕೊಳ್ಳುವುದು ಇಷ್ಟೇ: ಆ ಮನೆಯ ತಂಗಿ ಬಸ್ಸಿನಲ್ಲಿ ಕೂತು ಇದನ್ನು ಓದಿದರೆ ತನ್ನ ಅಕ್ಕ ಅಂತ ಗುರುತು ಹಿಡಿಯುತ್ತಾಳಾ? ಹೌದಾದರೆ ಮತ್ತೆ ಬರೆಯುತ್ತೇನೆ. ಒಮ್ಮೆ ಅರವತ್ತು ಪುಟ ಹಾಗೆ ಹೋಗಿದೆ.

9. ಇಬ್ಬರಿಗೆ ಓದಿಸಿ, ಆಮೇಲೆ ಬಾಟ್ಲಿ ಎಣಿಸಿ

ಕರಡು ಮುಗಿದ ಮೇಲೆ ಇಬ್ಬರು ಓದಬೇಕು. ಒಬ್ಬರು ಕ್ಷೇತ್ರದವರು, ಇನ್ನೊಬ್ಬರು ಏನೂ ಗೊತ್ತಿಲ್ಲದವರು. ಕ್ಷೇತ್ರದವರಿಗೆ ತಪ್ಪು ಮಾತ್ರ ಗುರುತು ಹಾಕಲು ಹೇಳಿ, ಸಲಹೆ ಬೇಡ. ಸಲಹೆ ಕೇಳಿದಿರೋ, ಗ್ಯಾಸ್ ಕ್ರೊಮೆಟೋಗ್ರಫಿಯನ್ನು ವಾಪಸ್ ಸೇರಿಸಿಬಿಡುತ್ತಾರೆ. ಗೊತ್ತಿಲ್ಲದವರಿಗೆ ಪೆನ್ಸಿಲ್ ಕೊಟ್ಟು, ಪುಟ ಹಾರಿಸಿದ ಕಡೆಯಲ್ಲೆಲ್ಲಾ ಗೆರೆ ಎಳೆಯಲು ಹೇಳಿ. ಗೆರೆ ಬಿದ್ದದ್ದು ಎಷ್ಟೇ ನಿಜವಾಗಿದ್ದರೂ ತೆಗೆಯಿರಿ. ನನಗೆ ಈ ಎರಡನೆಯ ಕೆಲಸ ಈಗಲೂ ನನ್ನ ಅಕ್ಕನೇ ಮಾಡಿಕೊಡುತ್ತಾಳೆ. ಒಬ್ಬ ಪ್ರಕಾಶಕರು "ಇನ್ನೂ ನಾಲ್ಕು ಹೆಣ ಹಾಕಿ ಸಾರ್" ಅಂದಿದ್ದರು. ಅಕ್ಕ ಒಂದನ್ನು ತೆಗೆಸಿದಳು.

ಆಮೇಲೆ ಹಸ್ತಪ್ರತಿಯಲ್ಲಿ ನಿಮ್ಮ ಬಾಟ್ಲಿಯನ್ನು ಹುಡುಕಿ. ಮೊದಲು ಕಾಣಿಸಿದ ಪುಟ, ಚೆಲ್ಲಿದ ಪುಟ, ಅದು ಇಲ್ಲ ಅಂತ ಯಾರೋ ಗಮನಿಸಿದ ಪುಟ, ಕೋರ್ಟಿನಲ್ಲಿ ಕೇಳಿದ ಪುಟ. ನಾಲ್ಕೂ ನಂಬರನ್ನು ಒಂದು ಚೀಟಿಯಲ್ಲಿ ಬರೆಯಿರಿ. ಮೊದಲ ಎರಡು ಪುಸ್ತಕದ ಮೊದಲ ಕಾಲು ಭಾಗದಲ್ಲಿ ಇರಬೇಕು, ಅದೂ ಓದುಗನಿಗೆ ಮುಖ್ಯ ಅನ್ನಿಸದ ಹಾಗೆ, ಬೇರೆ ಏನೋ ದೊಡ್ಡದು ನಡೆಯುತ್ತಿರುವ ಪುಟದಲ್ಲಿ. ನನ್ನ ಎರಡನೆಯ ಕಾದಂಬರಿಯಲ್ಲಿ ಅದು ಅಜ್ಜಿ ಉಪ್ಪಿನಕಾಯಿಯಾ ಅಂತ ಕೇಳುವ ಪುಟದಲ್ಲಿತ್ತು. ಓದಿದವರೆಲ್ಲಾ ಆ ಪುಟದಲ್ಲಿ ನಕ್ಕರು, ಕಾನ್‌ಸ್ಟೇಬಲ್‌ನ ಪ್ಯಾಂಟು ಒದ್ದೆಯಾಗಿದ್ದನ್ನು ಯಾರೂ ನೋಡಲಿಲ್ಲ.